ಸಾವಿನ ಮಾತಿಗೆ ದೊಡ್ಡಕ್ಷರ ಎಲ್ಲಿಂದ ತರಲಿ?

ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತೆ, ಆದರೆ ಬ್ರಿಟಿಷರು ಮಾತಾಡಿದರೆ ಒಂದು ಅಕ್ಷರವೂ ಕಿವಿಗೆ ಹತ್ತುವುದಿಲ್ಲ. ಅದಕ್ಕೇ ಇಂಗ್ಲಿಷ್ ಕಾದಂಬರಿಕಾರ ಟೆರ್ರಿ ಪ್ರ್ಯಾಚೆಟ್ ಬಗೆಗಿನ ‘ಟೆರ್ರಿ ಪ್ರ್ಯಾಚೆಟ್: ಬ್ಯಾಕ್ ಇನ್ ಬ್ಲ್ಯಾಕ್’ ಸಾಕ್ಷ್ಯಚಿತ್ರಕ್ಕೆ ಮನೆಮಟ್ಟಿಗೆ ಕನ್ನಡ ಸಬ್‌ಟೈಟಲ್ ಮಾಡಲು ಕೂತೆ. ಸಬ್‌ಟೈಟಲ್ ಬರೆಯುವುದು ನನ್ನ ಕಸುಬೇ. ನಾಲ್ಕು ಸಂಜೆ ಸಾಕು ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಇದು ಬಿಬಿಸಿ ಟೂನಲ್ಲಿ 2017ರ ಫೆಬ್ರುವರಿಯಲ್ಲಿ ಬಂದದ್ದು. ಪ್ರ್ಯಾಚೆಟ್ ತೀರಿಕೊಂಡು ಆಗಲೇ ಎರಡು ವರ್ಷವಾಗುತ್ತಾ ಬಂದಿತ್ತು. ಪಾಲ್ ಕೇ ಎಂಬ ನಟ ಕರಿ ಹ್ಯಾಟು, ಬಿಳಿ ಗಡ್ಡದಲ್ಲಿ ಪ್ರ್ಯಾಚೆಟ್ ಆಗಿ ‘ನಾನು’ ಅಂತಲೇ ಕಥೆ ಹೇಳುತ್ತಾರೆ. ಅರ್ಧಕ್ಕೆ ನಿಂತ ಆತ್ಮಕಥೆಯ ಟಿಪ್ಪಣಿಗಳು ಅದಕ್ಕೆ ಆಧಾರ. ನಡುನಡುವೆ ನಿಜವಾದ ಪ್ರ್ಯಾಚೆಟ್ ಕೂಡ ಬರುತ್ತಾರೆ. ಮೊದಲ ಹತ್ತು ನಿಮಿಷ ತೋರಿಸಿದಾಗ ಅಮ್ಮ ಕೇಳಿದರು, “ಇವರು ತೀರಿಕೊಂಡಿದ್ದಾರೆ ಅಂದ್ಯಲ್ಲೋ, ಮತ್ತೆ ಮಾತಾಡ್ತಾನೇ ಇದ್ದಾರಲ್ಲ?” ಸರಿ, ನಟನ ಮಾತಿಗೆ ಹಳದಿ ಬಣ್ಣ, ನಿಜವಾದವರ ಮಾತಿಗೆ ಬಿಳಿ ಕೊಟ್ಟೆ.

ಡಿಸ್ಕ್‌ವರ್ಲ್ಡ್ ಎಂಬ ಪ್ರ್ಯಾಚೆಟ್‌ರ ಕಾಲ್ಪನಿಕ ಲೋಕವನ್ನು ವಿವರಿಸಲು ಮಾತ್ರ ಕಷ್ಟವೇ ಆಗಲಿಲ್ಲ. 1983ರಿಂದ 41 ಕಾದಂಬರಿ ಬಂದ ಆ ಲೋಕ ತಟ್ಟೆಯ ಹಾಗೆ ಚಪ್ಪಟೆ. ನಾಲ್ಕು ಆನೆಗಳ ಬೆನ್ನ ಮೇಲೆ ತಟ್ಟೆ, ಆನೆಗಳು ಒಂದು ದೈತ್ಯ ಆಮೆಯ ಮೇಲೆ. ಅಮ್ಮ ಕಣ್ಣರಳಿಸಲೂ ಇಲ್ಲ. “ನಾಲ್ಕೇನಾ? ನಮ್ಮಲ್ಲಿ ಎಂಟು.”

ಸಿಕ್ಕಿಹಾಕಿಕೊಂಡಿದ್ದು ಸಾವಿನ ಹತ್ತಿರ. ಆ ಕಾದಂಬರಿಗಳಲ್ಲಿ ಸಾವು ಒಂದು ಪಾತ್ರ. ಅವನ ಮಾತು ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿ, ಉದ್ಧರಣ ಚಿಹ್ನೆ ಇಲ್ಲದೆ ಅಚ್ಚಾಗುತ್ತೆ. ನೋಡಿದ ಕೂಡಲೇ ಯಾರ ದನಿ ಅಂತ ಗೊತ್ತಾಗುತ್ತೆ. ಕನ್ನಡದಲ್ಲಿ ಕ್ಯಾಪಿಟಲ್ ಎಲ್ಲಿದೆ? ಪ್ರಯೋಗಕ್ಕೆ ಅಂತ, ಪ್ರ್ಯಾಚೆಟ್ ಹೋದ ದಿನ, ಅಂದರೆ 2015ರ ಮಾರ್ಚ್ 12ರಂದು, ಅವರ ಟ್ವಿಟರ್ ಖಾತೆಯಲ್ಲಿ ಬಂದ ಸಾವಿನ ಮಾತನ್ನು ಎತ್ತಿಕೊಂಡೆ: ಕೊನೆಗೂ, ಸರ್ ಟೆರ್ರಿ, ನಾವು ಜೊತೆಗೆ ನಡೆಯಬೇಕು.

ದಪ್ಪಕ್ಷರ ಮಾಡಿದೆ. ಒತ್ತಕ್ಷರಗಳೆಲ್ಲ ಮೆತ್ತಿಕೊಂಡವು. ಓರೆ ಮಾಡಿದೆ. ಗಾಳಿಗೆ ಬಾಗಿದ ಬೇಲಿಯ ಹಾಗೆ ಕಂಡಿತು. ಹಳಗನ್ನಡದ ವಾಸನೆ ಬರಲಿ ಅಂತ ‘ಎಲೈ ಟೆರ್ರಿಯೇ’ ಅಂತ ಶುರು ಮಾಡಿದೆ. ಅಮ್ಮ ಬಿದ್ದು ಬಿದ್ದು ನಕ್ಕರು. ಕಂಪನಿ ನಾಟಕದ ಯಮ ಬಂದುಬಿಟ್ಟಿದ್ದ.

ಯಮ ಅಂತಲೇ ಕರೆದರೆ ಸುಲಭ, ಅಲ್ವಾ? ಆದರೆ ಯಮ ಅಂದ ಕೂಡಲೇ ಕೋಣ, ಪಾಶ, ಚಿತ್ರಗುಪ್ತನ ಲೆಕ್ಕ ಎಲ್ಲ ಹಿಂದೆಯೇ ಬರುತ್ತೆ. ಪ್ರ್ಯಾಚೆಟ್‌ರ ಸಾವು ಯಾರ ಲೆಕ್ಕವನ್ನೂ ಕೇಳುವುದಿಲ್ಲ. ಅವನದು ಬಿಂಕಿ ಅನ್ನೋ ಬಿಳಿ ಕುದುರೆ. ಅವನಿಗೆ ಬೆಕ್ಕು ಇಷ್ಟ, ಮಸಾಲೆ ‘ಕರ್ರಿ’ ಊಟವೂ ಇಷ್ಟ. ‘ಸಾವು’ ಅಂತಲೇ ಉಳಿಸಿದೆ. ಆಗ ವ್ಯಾಕರಣ ಕೈಕೊಟ್ಟಿತು. ‘ಸಾವು ಬಂತು’ ಅಂದರೆ ಯಾರೋ ಸತ್ತರು ಅಂತಾಗುತ್ತೆ, ‘ಸಾವು ಬಂದ’ ಕಿವಿಗೆ ಒದೆಯುತ್ತೆ. ‘ಸಾವು ಎಂಬಾತ’ ಅಂತ ಒಂದು ಸಲ ಹೇಳಿ, ಆಮೇಲೆ ‘ಅವನು’ ಅಂತ ನಡೆಸಿದೆ.

ದನಿಗೆ ಸಿಕ್ಕ ದಾರಿ ಇದು: ಉಳಿದವರೆಲ್ಲ ಆಡುಮಾತಿನಲ್ಲಿ ‘ಹೋಗ್ತೀನಿ, ಬರ್ತೀನಿ’ ಅಂತಾರೆ. ಸಾವು ಮಾತ್ರ ‘ಹೋಗುತ್ತೇನೆ’ ಅಂತ ಪೂರ್ತಿ ಹೇಳುತ್ತಾನೆ. ಒಂದೊಂದು ಪದವೂ ಬಿಡಿಬಿಡಿ. ಆಶ್ಚರ್ಯಸೂಚಕವಿಲ್ಲ, ಅವಸರವಿಲ್ಲ.

ಇನ್ನೊಂದು ಪದ ಕಾಡಿಸಿತು. 2007ರಲ್ಲಿ ಪ್ರ್ಯಾಚೆಟ್‌ಗೆ ಆಲ್ಝೈಮರ್‌ನ ಒಂದು ಅಪರೂಪದ ಬಗೆ ಇದೆ ಅಂತ ಗೊತ್ತಾಯಿತು. ಮೆದುಳಿನ ಹಿಂಭಾಗ ಕುಗ್ಗುವ ಕಾಯಿಲೆ. ಕಣ್ಣು ಸರಿಯಿದ್ದರೂ ಕಂಡದ್ದು ಮೆದುಳಿಗೆ ತಿಳಿಯುವುದಿಲ್ಲ. ಟೈಪ್ ಮಾಡಲಾಗದೆ ಆಮೇಲೆ ಬಾಯಲ್ಲೇ ಹೇಳಿ ಬರೆಸಿದರು. ಆ ಕಾಯಿಲೆಯನ್ನು ಅವರು ‘ಎಂಬಗರೆನ್ಸ್’ ಅಂತ ಕರೆದರು, ಅಂದರೆ ಸುಮ್ಮನೆ ಗಂಟುಬಿದ್ದ ತೊಂದರೆ. ಬೈಗುಳವೂ ಹೌದು, ನಗುವೂ ಹೌದು. ‘ಕಿರಿಕಿರಿ’ ಸಪ್ಪೆ, ‘ಎಡವಟ್ಟು’ ಹಗುರ. ಅಜ್ಜನಿಗೂ ಕೊನೆಯ ಆರು ವರ್ಷ ಮರೆವಿನ ಕಾಯಿಲೆ ಇತ್ತು. ನೋಡಿಕೊಂಡವರು ಅಮ್ಮ. ನಾನು ಯೋಚಿಸಿದ್ದ ಪದಗಳ ಪಟ್ಟಿ ಓದಿ ಹೇಳಿದಾಗ ಹುರುಳಿಕಾಯಿ ನಾರು ತೆಗೆಯುತ್ತಲೇ ಅಂದರು, “ನಾನು ಆಗ ಅದನ್ನ ಶನಿಕಾಟ ಅಂತಿದ್ದೆ. ಅಜ್ಜನ ಎದುರಿಗೇ. ಅವರೂ ನಗ್ತಿದ್ರು.” ಯಮ ಬೇಡ ಅಂದವನು ಶನಿಯನ್ನು ಮನೆಯೊಳಗೆ ಬಿಟ್ಟುಕೊಂಡೆ. ಆಡುವಾಗ ಆ ಪದದೊಳಗಿನ ಗ್ರಹ ಯಾರಿಗೆ ಕಾಣುತ್ತೆ?

ಸಬ್‌ಟೈಟಲ್ ಫೈಲನ್ನು ಕನ್ನಡ ಅಕ್ಷರವೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲೇ ಉಳಿಸಿದ್ದರೂ ಪೆನ್‌ಡ್ರೈವ್ ಚುಚ್ಚಿದಾಗ ಟಿವಿಯಲ್ಲಿ ಒತ್ತಕ್ಷರ ಒಡೆದು ಚೆಲ್ಲಾಡಿತು. ಲ್ಯಾಪ್‌ಟಾಪಿನಿಂದ ವೈರ್ ಎಳೆದು ತೋರಿಸಿದೆ.

ಆ ಟ್ವೀಟನ್ನು ಚಿತ್ರ ಮುಗಿದ ಮೇಲಿನ ಕಪ್ಪು ತೆರೆಗೆ ನಾನೇ ಸೇರಿಸಿದ್ದೆ: ‘ಕೊನೆಗೂ, ಸರ್ ಟೆರ್ರಿ, ನಾವು ಜೊತೆಯಾಗಿ ನಡೆಯಬೇಕಾಗಿದೆ.’ ಅಮ್ಮ ತುಸು ಹೊತ್ತು ಸುಮ್ಮನಿದ್ದರು. “ಬೇಕಾಗಿದೆ ಯಾಕೋ? ಬ್ಯಾಂಕಿನ ನೋಟೀಸ್ ಥರ ಇದೆ.”

ಈಗ ಆ ಸಾಲು ಹೀಗಿದೆ: ‘ಕೊನೆಗೂ, ಸರ್ ಟೆರ್ರಿ, ನಾವು ಜೊತೆಯಲ್ಲಿ ನಡೆಯುವ ಹೊತ್ತು.’