ಎರೆಮಣ್ಣಿನಲ್ಲಿ ಹ್ಯಾಂಡ್‌ಬಾಲ್: ಕಾಲೇಜಿನಲ್ಲಿ ಹೊಸ ತಂಡ ಕಟ್ಟುವವರಿಗೆ

ಚೆಂಡು ಕೊಳ್ಳುವುದಕ್ಕೂ ಮೊದಲು ಗೋಲ್‌ಕೀಪರ್ ಯಾರು ಎಂಬುದನ್ನು ತೀರ್ಮಾನಿಸಿ. ಹೊಸ ತಂಡ ಕಟ್ಟುವವರು ಸಾಮಾನ್ಯವಾಗಿ ಗೋಲು ಹೊಡೆಯುವವರನ್ನು ಹುಡುಕಿಕೊಂಡು ಹೊರಡುತ್ತಾರೆ. ಕೊನೆಗೆ ಓಡಲು ಬಾರದವಳೊಬ್ಬಳನ್ನು ಗೋಲಿನ ಮುಂದೆ ನಿಲ್ಲಿಸುತ್ತಾರೆ. ಹ್ಯಾಂಡ್‌ಬಾಲ್‌ನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಏಳೇಳು ಜನರ ಈ ಆಟದಲ್ಲಿ ಚೆಂಡನ್ನು ಕೈಯಿಂದ ಎಸೆದೇ ಗೋಲು ಹೊಡೆಯಬೇಕು. ಎದುರಾಳಿ ಗೋಲಿನ ಮುಂದಿನ ಆರು ಮೀಟರ್ ಗೆರೆಯಿಂದ ಜಿಗಿದು ಗಾಳಿಯಲ್ಲಿರುವಾಗಲೇ ಹೊಡೆಯುತ್ತಾಳೆ, ಚೆಂಡು ನೇರ ಮುಖಕ್ಕೆ ಬರುತ್ತದೆ. ಆಗ ಕಣ್ಣು ಮುಚ್ಚದೆ ನಿಲ್ಲುವ ಒಬ್ಬಳು ಸಿಕ್ಕರೆ ಉಳಿದ ಆರು ಜನರನ್ನು ಕಲಿಸಿ ತಯಾರು ಮಾಡಬಹುದು.

ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಕೆಲಸಕ್ಕೆ ಸೇರಿದಾಗ ಹುಡುಗಿಯರ ಪಾಲಿಗೆ ಇದ್ದದ್ದು ಒಂದು ಥ್ರೋಬಾಲ್ ನೆಟ್ ಮತ್ತು ಎರಡು ಕೇರಂ ಬೋರ್ಡ್. ಮೊದಲ ವಾರ ಮೂವತ್ತು ಹುಡುಗಿಯರನ್ನು ಒಬ್ಬೊಬ್ಬರಾಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ನಾಲ್ಕು ಹೆಜ್ಜೆ ದೂರದಿಂದ ಸ್ಪಂಜಿನ ಚೆಂಡನ್ನು ಎದೆಯ ಕಡೆ ಎಸೆಯುತ್ತಾ ಹೋದೆ. ಹಿಡಿಯುತ್ತಾರೋ ಇಲ್ಲವೋ ಎಂಬುದನ್ನು ನೋಡಲೇ ಇಲ್ಲ, ಕಣ್ಣನ್ನು ಮಾತ್ರ ನೋಡಿದೆ. ಒಬ್ಬಳು ರೆಪ್ಪೆ ಬಡಿಯಲಿಲ್ಲ. ಕೇಳಿದರೆ, ಅಣ್ಣಂದಿರು ಓಣಿಯಲ್ಲಿ ಕ್ರಿಕೆಟ್ ಆಡುವಾಗ ಬ್ಯಾಟ್ ಕೊಡದೆ ಯಾವಾಗಲೂ ವಿಕೆಟ್ ಹಿಂದೆ ನಿಲ್ಲಿಸುತ್ತಿದ್ದರಂತೆ. ಅಂದೇ ಅವಳ ಹೆಸರನ್ನು ರಿಜಿಸ್ಟರಿನ ಮೊದಲ ಸಾಲಿನಲ್ಲಿ ಬರೆದೆ.

ಎಸೆಯುವವರನ್ನು ನಮ್ಮ ಭಾಗದಲ್ಲಿ ಹುಡುಕುವುದು ಕಷ್ಟವಲ್ಲ. ಬಿಳಿಜೋಳ ತೆನೆಗಟ್ಟುವ ಕಾಲಕ್ಕೆ ಹೊಲದಲ್ಲಿ ಹಕ್ಕಿ ಕಾದ ಹುಡುಗಿಯರನ್ನು ಕೇಳಿ ಕರೆಯಿರಿ. ಜೇವರ್ಗಿ ಕಡೆಯ ಹಳ್ಳಿಯ ಒಬ್ಬಳು ಕವಣೆ ಬೀಸುವುದನ್ನು ಬರಿಗೈಯಲ್ಲೇ ಮಾಡಿ ತೋರಿಸಿದಳು. ಮೊದಲು ಸೊಂಟ ತಿರುಗಿತು, ಆಮೇಲೆ ಹೆಗಲು, ಕಟ್ಟಕಡೆಗೆ ಮಣಿಕಟ್ಟು. ಹ್ಯಾಂಡ್‌ಬಾಲ್ ಎಸೆತದ ಕ್ರಮವೂ ಅದೇ. ತಿಂಗಳುಗಟ್ಟಲೆ ಹೇಳಿಕೊಟ್ಟರೂ ಬಾರದ ಆ ತಿರುವು ಅವಳ ಮೈಯಲ್ಲಿ ಆಗಲೇ ಇತ್ತು. ಮೊಣಕೈಯನ್ನು ಹೆಗಲಿನ ಮಟ್ಟಕ್ಕೆ ಎತ್ತುವುದೊಂದನ್ನು ಮಾತ್ರ ನಾನು ಕಲಿಸಿದೆ. ಥ್ರೋಬಾಲ್ ಆಡಿದವರ ಹಿಡಿತ ಚೆನ್ನಾಗಿರುತ್ತದೆ, ಆದರೆ ಚೆಂಡು ಕೈಗೆ ಬಂದ ಕೂಡಲೇ ನಿಂತುಬಿಡುತ್ತಾರೆ. ಆ ರೂಢಿ ಬಿಡಿಸಬೇಕು. ಕಬಡ್ಡಿಯವರು ತಡೆಯುವುದರಲ್ಲಿ ಗಟ್ಟಿ, ಆದರೆ ಕೈಯಿಂದ ಅಪ್ಪಿ ಹಿಡಿಯುತ್ತಾರೆ. ಇಲ್ಲಿ ಅದು ತಪ್ಪು, ಮೈ ಅಡ್ಡವಿಟ್ಟು ದಾರಿ ಕಟ್ಟಬೇಕಷ್ಟೆ.

ಈಗ ಅಂಗಳ. ನಮ್ಮ ಎರೆಮಣ್ಣು ತೊಗರಿಗೆ ಬಂಗಾರ, ಆಟಕ್ಕೆ ಶತ್ರು. ಮಳೆಗೆ ಬೂಟಿನ ಕೆಳಗೆ ಮುದ್ದೆಗಟ್ಟುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಚೆಂಡು ಎತ್ತ ಪುಟಿಯುತ್ತದೆಂದು ಹೇಳಲಾಗದು. ಮೇಲೆ ಗರಸು ಹಾಕಿ, ನೀರುಣಿಸಿ, ರೋಲರ್ ಹೊಡೆಸಲೇಬೇಕು. ಪೂರ್ತಿ ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಹತ್ತು ಸೆಂಟಿಮೀಟರ್ ದಪ್ಪ ಹರಡಲು 80 ಘನ ಮೀಟರ್ ಗರಸು ಬೇಕು. ಕಾಲೇಜಿನ ಕ್ರೀಡಾ ಶುಲ್ಕದಲ್ಲಿ ಅಷ್ಟು ಹಣ ಹುಟ್ಟಲಿಲ್ಲ. ಅದಕ್ಕೇ ಅರ್ಧ ಅಂಗಳಕ್ಕೆ ಮಾತ್ರ ಹಾಕಿಸಿದೆವು. ಮೊದಲ ವರ್ಷಕ್ಕೆ ಅರ್ಧ ಅಂಗಳ ಸಾಕು ಎಂದು ನಾನು ಈಗ ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಕಲಿಯಬೇಕಾದದ್ದರಲ್ಲಿ ಹೆಚ್ಚಿನ ಪಾಲು ಒಂದೇ ಗೋಲಿನ ಮುಂದೆ ನಡೆಯುತ್ತದೆ.

ಗೆರೆ ಹಾಕುವ ಕೆಲಸವನ್ನು ಹುಡುಗಿಯರ ಕೈಯಿಂದಲೇ ಮಾಡಿಸಿ. ಬೇಕಾಗುವುದು ಸುಣ್ಣದ ಪುಡಿ, ಅಳತೆ ಟೇಪು, ಎರಡು ಮೊಳೆ, ಹಿಗ್ಗದ ಒಂದು ಹಗ್ಗ. ಪೂರ್ತಿ ಅಂಗಳ ಹಾಕುವಾಗ ಮೂಲೆಯಿಂದ ಮೂಲೆಗೆ ಕರ್ಣ ಅಳೆಯಿರಿ. ಎರಡೂ ಕರ್ಣ 44.72 ಮೀಟರ್ ಬಂದರೆ ಮೂಲೆಗಳು ನೆಟ್ಟಗಿವೆ. ಗೋಲು ಒಳಅಳತೆಯಲ್ಲಿ 3 ಮೀಟರ್ ಅಗಲ, 2 ಮೀಟರ್ ಎತ್ತರ. ಗೋಲುಕಂಬದ ಒಳಬದಿಯ ಹಿಂದಿನ ಅಂಚಿನಲ್ಲಿ ಮೊಳೆ ಹೊಡೆದು, 6 ಮೀಟರ್ ಹಗ್ಗದ ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದವಳು ಹಗ್ಗ ಸಡಿಲಿಸದೆ ಕಾಲು ವೃತ್ತ ನಡೆಯಬೇಕು. ಹಿಂದಿನವಳು ಸುಣ್ಣ ಸುರಿಯುತ್ತಾ ಬರಬೇಕು. ಇನ್ನೊಂದು ಕಂಬಕ್ಕೂ ಹಾಗೆಯೇ. ನಡುವೆ ಉಳಿಯುವ 3 ಮೀಟರನ್ನು ನೇರ ಗೆರೆಯಿಂದ ಕೂಡಿಸಿದರೆ ಆರು ಮೀಟರ್ ಗೆರೆ ಸಿದ್ಧ. ಒಂಬತ್ತು ಮೀಟರಿನ ತುಂಡು ಗೆರೆಯೂ ಇದೇ ರೀತಿ, ಆದರೆ ಅದರ ಕಮಾನು ಹಿಂದಿನ ಗೆರೆ ಮುಟ್ಟುವುದಿಲ್ಲ, ಪಕ್ಕದ ಗೆರೆಗೆ ತಾಗಿ ನಿಂತುಬಿಡುತ್ತದೆ. ಅಳತೆ ತಪ್ಪಿತೆಂದು ನಾನು ಮೊದಲ ಸಲ ಎಲ್ಲವನ್ನೂ ಅಳಿಸಿಬಿಟ್ಟಿದ್ದೆ. ಅದು ಸರಿಯಾಗಿಯೇ ಇತ್ತು. ಕೈಯಾರೆ ಆ ಗೆರೆ ಎಳೆದವಳು ಆಟದಲ್ಲಿ ಅದನ್ನು ತುಳಿಯುವುದು ಅಪರೂಪ. ಗೋಲ್‌ಕೀಪರ್ ಬಿಟ್ಟು ಯಾರೂ ಆರು ಮೀಟರಿನ ಒಳಗೆ ನಿಲ್ಲುವಂತಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಯೇ ಬರಲಿಲ್ಲ.

ಗೋಲುಗಳನ್ನು ಹುಮನಾಬಾದ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಹಿಂದಿನ ಪೈಪಿನ ಮೇಲೆ ಮರಳಿನ ಚೀಲ ಹೇರದೆ ಒಂದು ದಿನವೂ ಆಡಿಸಬೇಡಿ. ಮೇಲಿನ ಪೈಪಿಗೆ ಯಾರಾದರೂ ಜೋತುಬಿದ್ದರೆ ಗೋಲು ಮಗುಚಿ ತಲೆಯ ಮೇಲೆ ಬರುತ್ತದೆ. ಚೆಂಡು ಹೆಣ್ಣುಮಕ್ಕಳ ಅಳತೆಯದು, ಅಂದರೆ ಎರಡನೇ ನಂಬರಿನದು ಇರಲಿ. ಸುತ್ತಳತೆ 54ರಿಂದ 56 ಸೆಂಟಿಮೀಟರ್, ತೂಕ 325ರಿಂದ 375 ಗ್ರಾಂ. ಗಂಡುಮಕ್ಕಳ ಮೂರನೇ ನಂಬರಿನ ಚೆಂಡು ಅವರ ಅಂಗೈಗೆ ಒಗ್ಗುವುದಿಲ್ಲ, ಹೆಗಲು ನೋಯುತ್ತದೆ.

ಅಭ್ಯಾಸದ ಹೊತ್ತನ್ನು ನೀವು ಗೊತ್ತುಮಾಡಲಾರಿರಿ, ಬಸ್ಸು ಮಾಡುತ್ತದೆ. ಹಳ್ಳಿಗೆ ಹೋಗುವ ಸಂಜೆಯ ಬಸ್ಸುಗಳ ವೇಳೆ ಬರೆದುಕೊಂಡು, ಅದರಿಂದ ಹಿಂದಕ್ಕೆ ಎಣಿಸಿ. ನಮಗೆ ಸಿಕ್ಕಿದ್ದು ನಾಲ್ಕರಿಂದ ಐದೂಕಾಲು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪಂದ್ಯಕ್ಕೆ ಹೋಗುವ ಖರ್ಚಿನ ಚಿಂತೆ ಬಹಳ ತಗ್ಗಿತು. ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಇಡೀ ತಂಡ ಶೂನ್ಯ ಟಿಕೆಟಿನಲ್ಲಿ ಹೋಗಿಬರುತ್ತದೆ. ಎಲ್ಲರ ಗುರುತಿನ ಚೀಟಿ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಮಾರ್ಚ್ ಮಧ್ಯ ದಾಟಿದ ಮೇಲೆ ನಮ್ಮ ಬಿಸಿಲಿನಲ್ಲಿ ನಾಲ್ಕು ಗಂಟೆಗೆ ಬಯಲಿಗೆ ಇಳಿಸಬೇಡಿ, ವರಾಂಡದ ಗೋಡೆಗೆ ಎಸೆದು ಹಿಡಿಯುವುದನ್ನು ಮಾಡಿಸಿ.

ಆಟಕ್ಕೆ ಮುಂಚೆ "ಏನು ತಿಂದೆ?" ಎಂದು ಪ್ರತಿಯೊಬ್ಬಳನ್ನೂ ಕೇಳಿ. ಎರಡನೇ ವಾರ ಒಬ್ಬಳು ತಲೆಸುತ್ತಿ ಬಿದ್ದಳು. ಬೆಳಿಗ್ಗೆ ಆರೂವರೆಗೆ ಚಹಾ ಕುಡಿದು ಮನೆ ಬಿಟ್ಟಿದ್ದಳು. ಕಟ್ಟಿಕೊಂಡಿದ್ದ ರೊಟ್ಟಿ ಬ್ಯಾಗಿನಲ್ಲೇ ಇತ್ತು, ತಿನ್ನಲು ನಾಚಿಕೆಯಂತೆ. ಮರುದಿನದಿಂದ ಮೂರೂವರೆಗೆ ಎಲ್ಲರೂ ನನ್ನ ಕೋಣೆಯಲ್ಲಿ ಒಟ್ಟಿಗೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿಂದೇ ಅಂಗಳಕ್ಕೆ ಇಳಿಯುವುದೆಂದು ಗೊತ್ತುಮಾಡಿದೆ. ತಂಡ ಎನ್ನುವುದು ಕೂಡಿದ್ದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಮನೆಯವರೊಂದಿಗೆ ಫೋನಿನಲ್ಲಿ ಮಾತು ಮುಗಿಸಬೇಡಿ, ಮನೆಗೇ ಹೋಗಿ. "ಅಕ್ಕನವರೇ, ಚಡ್ಡಿ ಹಾಕಿಕೊಂಡು ಆಡುವುದಾದರೆ ಬೇಡ" ಎಂದರು ಒಬ್ಬ ತಂದೆ. ಟ್ರ್ಯಾಕ್ ಪ್ಯಾಂಟಿನಲ್ಲೇ ಆಡಿಸುತ್ತೇನೆ, ಬಸ್ ಹತ್ತುವವರೆಗೂ ನಾನು ನಿಲ್ದಾಣದಲ್ಲಿರುತ್ತೇನೆ ಎಂದೆ. ಎರಡು ಮಾತನ್ನೂ ಇಂದಿನವರೆಗೆ ಉಳಿಸಿಕೊಂಡಿದ್ದೇನೆ. ಆಡಿದರೆ ನೌಕರಿ ಸಿಗುತ್ತದೆಂಬ ಆಸೆ ಮಾತ್ರ ತೋರಿಸಬೇಡಿ.

ಮೊದಲ ತಿಂಗಳು ಪಾಸು ಮತ್ತು ಮೂರು ಹೆಜ್ಜೆ, ಮತ್ತೇನೂ ಬೇಡ. ಚೆಂಡು ಹಿಡಿದು ಮೂರೇ ಹೆಜ್ಜೆ ಇಡಬಹುದು, ಮೂರೇ ಸೆಕೆಂಡು ಇಟ್ಟುಕೊಳ್ಳಬಹುದು. ಹಳೆಯ ಸೈಕಲ್ ಟಯರ್ ಮೂರನ್ನು ಸಾಲಾಗಿ ಇಟ್ಟು, ಬಲಗೈಯವರಿಗೆ ಎಡ, ಬಲ, ಎಡ ಎಂದು ಕೂಗುತ್ತಾ ಕೊನೆಯ ಎಡಗಾಲಿನಿಂದ ಜಿಗಿಸಿ. ಅಂತರ ಕಾಲೇಜು ಪಂದ್ಯದ ಅರ್ಹತಾ ಪತ್ರಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿಗಳನ್ನು ಆಗಸ್ಟ್‌ನಲ್ಲೇ ಕೂಡಿಸಿಡಿ.

ನಮ್ಮ ಮೊದಲ ಪಂದ್ಯವನ್ನು 24–5ರಿಂದ ಸೋತೆವು. ಬಸ್ಸಿನಲ್ಲಿ ನಾನು ಗೋಲುಗಳ ಮಾತೆತ್ತಲಿಲ್ಲ. ಗೋಲ್‌ಕೀಪರ್ ತಡೆದ ಹನ್ನೊಂದು ಚೆಂಡುಗಳನ್ನು ಒಂದೊಂದಾಗಿ, ಯಾವ ಮೂಲೆಗೆ ಬಂದಿತ್ತು, ಕೈಯೋ ಕಾಲೋ ಎಂದು ಓದಿ ಹೇಳಿದೆ.

ಡಿಸೆಂಬರ್ ಬಂತೆಂದರೆ ತೊಗರಿ ರಾಶಿ. ಅರ್ಧ ತಂಡ ಹೊಲದಲ್ಲಿರುತ್ತದೆ, ಬಯ್ಯಬೇಡಿ. ಊರು ಹತ್ತಿರವಿರುವ ಇಬ್ಬಿಬ್ಬರಿಗೆ ಒಂದು ಚೆಂಡು ಕೊಟ್ಟು, ಹೆಸರು ಬರೆದುಕೊಂಡು ಕಳುಹಿಸಿ. ನಾನು ಆ ವರ್ಷ ಆರು ಚೆಂಡು ಕಳುಹಿಸಿದ್ದೆ. ಸಂಕ್ರಾಂತಿಯ ನಂತರ ಆರೂ ಮರಳಿ ಬಂದವು. ಒಂದರ ಜೊತೆ ಅದೇ ಊರಿನ ಇಬ್ಬರು ಪಿಯುಸಿ ಹುಡುಗಿಯರೂ ಬಂದಿದ್ದರು. ಮುಂದಿನ ವರ್ಷ ನಮ್ಮ ಕಾಲೇಜಿಗೆ ಸೇರಲು ಅರ್ಜಿ ಯಾವಾಗ ಕೊಡುತ್ತಾರೆ ಎಂದು ಕೇಳಿದರು.