ಹಿಮ ಎಂದರೆ ಒಂಟಿತನ ಅಂತ ಬರೆಯುವ ಮೊದಲು

ಪರೀಕ್ಷೆಯ ಗೈಡ್ ತೆರೆದರೆ ಎಲ್ಲ ಕಥೆಗಳಿಗೂ ಉತ್ತರ ರೆಡಿ ಇರುತ್ತದೆ. ನಾಯಕ ಮುಗ್ಧ, ಸಾಹುಕಾರ ಕ್ರೂರಿ, ಮಳೆ ಕಣ್ಣೀರಿನ ಸಂಕೇತ, ದೀಪ ಆಸೆಯ ಸಂಕೇತ. ಕಥೆ ಓದದೆಯೂ ಇಷ್ಟನ್ನು ಬರೆಯಬಹುದು, ತೊಂದರೆ ಇರುವುದೇ ಅಲ್ಲಿ. ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಡಿಗ್ರಿ ಹುಡುಗ ಹುಡುಗಿಯರು, ಬಿ.ಎಡ್. ಮಾಡುವವರು, ಸುಮ್ನೆ ಇಷ್ಟಕ್ಕೆ ಓದುವವರು ಎಲ್ಲರದ್ದೂ ಒಂದೇ ಪ್ರಶ್ನೆ: ಕಥೆ ಚೆನ್ನಾಗಿದೆ, ಆದರೆ ಅದರ ಬಗ್ಗೆ ಏನು ಬರೆಯೋದು?

ಹತ್ತು ಕಥೆಗಳ ಹೆಸರು ಹೇಳಿ ತಲೆ ಕೆಡಿಸುವುದಕ್ಕಿಂತ ಒಂದನ್ನೇ ಹಿಡಿದು ಮಾಡಿ ನೋಡೋಣ. ರಷ್ಯಾದ ಆಂಟನ್ ಚೆಕಾವ್ 1886ರಲ್ಲಿ ಬರೆದದ್ದು, ಇಂಗ್ಲಿಷಿನಲ್ಲಿ 'ಮಿಸರಿ' ಎಂಬ ಹೆಸರಲ್ಲಿ ಸಿಗುತ್ತದೆ. ಚಿಕ್ಕ ಕಥೆ. ಸಿಂಧನೂರಿನಲ್ಲಿ ರಾಯಚೂರು ಬಸ್ ಹತ್ತಿದರೆ ಮಾನ್ವಿ ಬರುವಷ್ಟರಲ್ಲಿ ಎರಡು ಸಲ ಓದಿ ಮುಗಿಸಬಹುದು.

ಮೊದಲು ಸುಮ್ನೆ ಓದಿ

ಮೊದಲ ಸಲ ಪೆನ್ಸಿಲ್ ಮುಟ್ಟಬೇಡಿ. ಓದಿ ಮುಗಿದ ಮೇಲೆ ಏನಾಯಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. 'ಪಾಪ', 'ಹೃದಯ ಕಲಕುವ' ಇಂಥ ಮಾತು ಬೇಡ. ಹೀಗೆ: ಅಯೋನಾ ಪೊತಪೋವ್ ಪೀಟರ್ಸ್‌ಬರ್ಗಿನಲ್ಲಿ ಬಾಡಿಗೆಗೆ ಕುದುರೆಗಾಡಿ ಹೊಡೆಯುವವನು, ಅದೇ ವಾರ ಅವನ ಮಗ ಸತ್ತಿದ್ದಾನೆ. ಅದನ್ನು ಸಿಕ್ಕಸಿಕ್ಕವರಿಗೆ ಹೇಳಲು ನೋಡುತ್ತಾನೆ, ಯಾರೂ ಕೇಳುವುದಿಲ್ಲ, ಕೊನೆಗೆ ಕುದುರೆಗೆ ಹೇಳುತ್ತಾನೆ.

ಇಷ್ಟು ಬರೆಯಲು ಬರಲಿಲ್ಲ ಅಂದರೆ ಮುಂದಿನ ಹಂತಕ್ಕೆ ಹೋಗಬೇಡಿ, ಮತ್ತೆ ಓದಿ.

ಪಾತ್ರ: ಗುಣ ಬೇಡ, ಕೆಲಸ ಬರೆಯಿರಿ

ಜಾಸ್ತಿ ಜನ ಎಡವುವುದು ಇಲ್ಲಿ. 'ಅಯೋನಾ ದುಃಖಿ, ಬಡವ, ಒಳ್ಳೆಯವನು' ಎಂದು ಬರೆದರೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಅದರ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಅವನಿಗೆ ಏನು ಬೇಕು? ಅದಕ್ಕಾಗಿ ಏನು ಮಾಡುತ್ತಾನೆ? ಯಾರು ಅಡ್ಡ ಬರುತ್ತಾರೆ?

ಅಯೋನಾಗೆ ಬೇಕಿರುವುದು ಕೇಳುವ ಒಂದು ಕಿವಿ. ಈಗ ಅವನು ಯಾರು ಯಾರ ಬಳಿ ಬಾಯಿ ಬಿಡುತ್ತಾನೆ ಎಂದು ಸಾಲಾಗಿ ಪಟ್ಟಿ ಮಾಡಿ. ಮೊದಲು ಒಬ್ಬ ಮಿಲಿಟರಿ ಅಧಿಕಾರಿ. ಅವನು ಏನಾಗಿ ಸತ್ತ ಎಂದಾದರೂ ಕೇಳುತ್ತಾನೆ, ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ನಂತರ ಮೂವರು ಯುವಕರು, ಅವರಲ್ಲೊಬ್ಬ ಗೂನು ಬೆನ್ನಿನವನು. ಆಮೇಲೆ ಒಂದು ಮನೆಯ ಆಳು. ಕೊನೆಗೆ ತಂಗುವ ಮನೆಯಲ್ಲಿ ನಿದ್ದೆಗಣ್ಣಲ್ಲಿ ನೀರು ಕುಡಿಯಲು ಎದ್ದ ಇನ್ನೊಬ್ಬ ಗಾಡಿಯವನು. ಗಮನಿಸಿ, ಕೊನೆಯವನು ಇವನದೇ ಕಸುಬಿನವನು, ಅರ್ಥ ಮಾಡಿಕೊಳ್ಳಬೇಕಾದವನು. ಅವನೂ ಹೊದ್ದು ಮಲಗಿಬಿಡುತ್ತಾನೆ. ಪಟ್ಟಿ ಮಾಡದೆ ಓದಿದರೆ ಈ ಏರಿಕೆ ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ಸಣ್ಣ ಜಾಗವನ್ನು ಹತ್ತಿರದಿಂದ ನೋಡಿ. ಮೂವರು ಯುವಕರು ಇಪ್ಪತ್ತು ಕೊಪೆಕ್ (ರಷ್ಯಾದ ಚಿಲ್ಲರೆ ಕಾಸು) ಕೊಡುತ್ತೇವೆ ಎನ್ನುತ್ತಾರೆ. ಅದು ನ್ಯಾಯವಾದ ಬಾಡಿಗೆ ಅಲ್ಲ, ಆದರೂ ಅಯೋನಾ ತಕರಾರಿಲ್ಲದೆ ಒಪ್ಪುತ್ತಾನೆ. ರಾಯಚೂರು ಸ್ಟೇಷನ್ ಹೊರಗೆ ರಾತ್ರಿ ಹೊತ್ತಲ್ಲಿ ಆಟೋದವನು ನೀವು ಕೇಳಿದ ರೇಟಿಗೆ ಒಂದೇ ಮಾತಿಗೆ ಹೂಂ ಅಂದರೆ ನಿಮಗೇ ಅನುಮಾನ ಬರುತ್ತದೆ, ಅಲ್ವಾ? ಇದೂ ಹಾಗೆಯೇ. ಅವನಿಗೆ ದುಡ್ಡಿಗಿಂತ ಜನ ಬೇಕಾಗಿದ್ದಾರೆ. 'ಅವನು ತುಂಬಾ ದುಃಖದಲ್ಲಿದ್ದ' ಎನ್ನುವ ಸಾಲಿಗಿಂತ ಈ ಬಾಡಿಗೆ ಲೆಕ್ಕ ಹೆಚ್ಚು ಹೇಳುತ್ತದೆ.

ಚಿಕ್ಕ ಪಾತ್ರಗಳನ್ನೂ ಬಿಡಬೇಡಿ. ಗೂನು ಬೆನ್ನಿನವನನ್ನು ಖಳನಾಯಕ ಮಾಡಿ ಮುಗಿಸುವುದು ಸುಲಭ, ಯಾಕೆಂದರೆ ಅವನು ಬೈಯುತ್ತಾನೆ, ಹೊಡೆಯುತ್ತಾನೆ. ಆದರೆ ಅವನಿಗೆ ಕೆಮ್ಮು ಇದೆ, ಎಲ್ಲರೂ ಸಾಯುವವರೇ ಎಂದು ನಿಟ್ಟುಸಿರು ಬಿಡುತ್ತಾನೆ. ತನಗೇ ನೋವಿದ್ದವನು ಇನ್ನೊಬ್ಬರ ನೋವು ಕೇಳುತ್ತಾನೆ ಎಂಬ ಗ್ಯಾರಂಟಿ ಇಲ್ಲ ಅನ್ನುವುದನ್ನು ಚೆಕಾವ್ ಇವನ ಮೂಲಕ ತೋರಿಸುತ್ತಾನೆ ಎಂದು ನನಗನ್ನಿಸುತ್ತದೆ. ನೀವು ಒಪ್ಪಬೇಕಿಲ್ಲ, ಆದರೆ ಒಪ್ಪದಿದ್ದರೆ ಕಥೆಯಿಂದಲೇ ಒಂದು ಸಾಲು ತೋರಿಸಿ.

ಸಂಕೇತ: ಮೊದಲು ಅದು ವಸ್ತು

ನಮ್ಮ ಕಡೆಯ ಕಥೆಯಲ್ಲಿ ಬಿಸಿಲು ಬಂದ ಕೂಡಲೇ 'ಶೋಷಣೆಯ ಸಂಕೇತ' ಎಂದು ಬರೆಯುವವರಿದ್ದಾರೆ. ಸ್ವಾಮಿ, ರಾಯಚೂರಲ್ಲಿ ಮೇ ತಿಂಗಳು, ಬಿಸಿಲು ಇರುತ್ತದೆ! ಒಂದು ವಸ್ತು ಸಂಕೇತ ಹೌದೋ ಅಲ್ಲವೋ ನೋಡಲು ಹೀಗೆ ಮಾಡಿ: ಅದು ಮತ್ತೆ ಮತ್ತೆ ಬರುತ್ತದೆಯೇ, ಬಂದಾಗ ಏನಾದರೂ ಬದಲಾಗಿದೆಯೇ, ತೆಗೆದು ಹಾಕಿದರೆ ಕಥೆಗೆ ಪೆಟ್ಟು ಬೀಳುತ್ತದೆಯೇ.

ಹಿಮಕ್ಕೆ ಈ ಪರೀಕ್ಷೆ ಮಾಡೋಣ. ಮೊದಲಲ್ಲೇ ಅಯೋನಾ ಮೈಮೇಲೆ ಹಿಮ ಬಿದ್ದು ದೆವ್ವದ ಹಾಗೆ ಬೆಳ್ಳಗಾಗಿದ್ದಾನೆ, ಕುದುರೆಯೂ ಬೆಳ್ಳಗಾಗಿದೆ. ಗಿರಾಕಿ ಬಂದಾಗ ಆ ಹಿಮ ಉದುರುತ್ತದೆ. ಅಧಿಕಾರಿ ಇಳಿದು ಹೋದ ಮೇಲೆ ಮತ್ತೆ ಇಬ್ಬರ ಮೇಲೂ ಬಿಳಿ ಬಳಿಯುತ್ತದೆ. ಗೈಡ್ ಇದನ್ನು ಒಂಟಿತನ ಎನ್ನುತ್ತದೆ. ಪೂರ್ತಿ ತಪ್ಪಲ್ಲ, ಆದರೆ ಅರ್ಧ. ಹಿಮ ಮನುಷ್ಯನನ್ನೂ ಕುದುರೆಯನ್ನೂ ಒಂದೇ ಬಣ್ಣ ಮಾಡುತ್ತಿದೆ. ಕೊನೆಯಲ್ಲಿ ಅವನು ಕುದುರೆಯ ಮುಂದೆ ಮನಸ್ಸು ಬಿಚ್ಚಿದಾಗ ನಮಗೆ ವಿಚಿತ್ರ ಅನ್ನಿಸದೇ ಇರುವುದು ಇದರಿಂದಲೇ. ಮೊದಲ ಪುಟದಿಂದಲೇ ಅವರಿಬ್ಬರು ಜೋಡಿ.

ಕುದುರೆಯ ಬಗ್ಗೆ ಇನ್ನೊಂದು ಮಾತಿದೆ. ನೇಗಿಲಿನಿಂದ, ಪರಿಚಯದ ಹೊಲಗಳಿಂದ ಕಿತ್ತು ತಂದು ಈ ದೀಪ, ಗದ್ದಲ, ಓಡಾಡುವ ಜನರ ನಡುವೆ ಎಸೆದರೆ ಯಾರಾದರೂ ಯೋಚನೆಗೆ ಬೀಳುತ್ತಾರೆ ಎನ್ನುತ್ತಾನೆ ಚೆಕಾವ್. ಲಿಂಗಸುಗೂರು, ದೇವದುರ್ಗ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರ ಮನೆಯಲ್ಲಿ ಬೆಳೆದವರಿಗೆ ಈ ಸಾಲು ಬೇರೆಯವರಿಗಿಂತ ಬೇಗ ತಾಗುತ್ತದೆ. ಅದನ್ನು ಉತ್ತರದಲ್ಲಿ ಬರೆಯಲು ಹಿಂಜರಿಯಬೇಡಿ. ಅದು ಕುದುರೆಯ ಬಗ್ಗೆ ಮಾತ್ರವೋ ಅಯೋನಾ ಬಗ್ಗೆಯೂ ಹೌದೋ ಎಂಬುದನ್ನು ಮಾತ್ರ ಪಠ್ಯ ನೋಡಿ ಹೇಳಿ. ಅವನ ಮಗಳು ಅನೀಸ್ಯಾ ಇನ್ನೂ ಹಳ್ಳಿಯಲ್ಲೇ ಇದ್ದಾಳೆ, ಅದು ನಿಮಗೆ ಸಿಗುವ ಸುಳಿವು.

ಇನ್ನು ಮೇವು. ಕಾಳಿಗೆ ಸಾಕಾಗುವಷ್ಟು ದುಡಿಯಲಿಲ್ಲ, ಹುಲ್ಲು ತಿನ್ನೋಣ ಎಂದು ಅಯೋನಾ ಕುದುರೆಗೆ ಹೇಳುತ್ತಾನೆ. ಇದು ಸಂಕೇತ ಅಲ್ಲ, ಹುಲ್ಲೇ. ಆದರೆ ಮೇವಿನ ಮಾತಿನಿಂದ ನಾನು ಮುದುಕನಾದೆ, ಗಾಡಿ ಮಗ ಹೊಡೆಯಬೇಕಿತ್ತು ಎಂಬಲ್ಲಿಗೆ ಹೊರಳುತ್ತಾನೆ ನೋಡಿ. ಇದನ್ನು ಪಾತ್ರದ ಕಡೆ ಹಾಕಿಕೊಳ್ಳಿ.

ಬರೆಯುವಾಗ

ಒಂದು ಪ್ಯಾರಾಕ್ಕೆ ಒಂದೇ ಮಾತು. ಆ ಮಾತು, ಅದಕ್ಕೆ ಕಥೆಯ ಎರಡು ಜಾಗ, ಆಮೇಲೆ 'ಹಾಗಾಗಿ' ಎಂದು ನಿಮ್ಮ ತೀರ್ಮಾನ. ಲೇಖಕರ ಜೀವನಚರಿತ್ರೆಗೆ ಒಂದು ಸಾಲು ಸಾಕು.

ಇದು ಕೈಗೆ ಹತ್ತಿತು ಅನ್ನಿಸಿದರೆ ಫ್ರಾನ್ಸಿನ ಕಥೆಗಾರ ಮೊಪಾಸಾನ 'ನೆಕ್ಲೇಸ್' ತೆಗೆದುಕೊಳ್ಳಿ, 1884ರದ್ದು. ಮದುವೆಗೆ ಪಕ್ಕದ ಮನೆಯ ಬೋರಮಾಳ ಕೇಳಿ ತಂದು ಹಾಕಿಕೊಂಡವರಿಗೆ ಕಥೆ ವಿವರಿಸುವ ಅಗತ್ಯವೇ ಇಲ್ಲ. ಎಲ್ಲರೂ ನಾಯಕಿ ಮಥಿಲ್ಡೆಯನ್ನು ಆಸೆಬುರುಕಿ ಎಂದು ಬರೆದು ಮುಗಿಸುತ್ತಾರೆ. ನೀವು ದುಡ್ಡಿನ ಲೆಕ್ಕದಿಂದ ಶುರು ಮಾಡಿ: ಬಟ್ಟೆಗೆ 400 ಫ್ರಾಂಕ್, ಕಳೆದ ಸರದ ಬದಲಿಗೆ ಕೊಂಡದ್ದು 36,000, ಕಳೆದುಹೋದ ಆ ನಕಲಿ ಸರದ ಬೆಲೆ ಹೆಚ್ಚೆಂದರೆ 500. ಆ ಮೊದಲ 400 ಫ್ರಾಂಕನ್ನು ಗಂಡ ಕೂಡಿಟ್ಟಿದ್ದು ತನಗೊಂದು ಬೇಟೆ ಬಂದೂಕು ಕೊಳ್ಳಲು. ಗಂಡನ ಬಗ್ಗೆಯೇ ಒಂದು ಪುಟ ಬರೆದು ನೋಡಿ.