ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ರಿಟ್ರೈ ಒತ್ತಬೇಡಿ

ಮಂಗಳೂರು ಬಂದರಿನಲ್ಲಿ ಒಂದು ದಿನಸಿ ಹೋಲ್‌ಸೇಲ್ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಹೊಸ ವರ್ಷನ್ ಹಾಕುವಾಗ ಹಸಿರು ಪಟ್ಟಿ ಮುಕ್ಕಾಲು ಹೋಗಿ ನಿಂತಿತು, 'ರೋಲಿಂಗ್ ಬ್ಯಾಕ್' ಅಂತ ತೋರಿಸಿ ಹಿಂದಕ್ಕೆ ಬಂತು. "ಎಲ್ಲ ಮೊದಲಿನ ಹಾಗೇ ಆಯ್ತಲ್ಲ ಮಾರಾಯ್ರೆ, ಇನ್ನೊಮ್ಮೆ ಒತ್ತುವಾ" ಅಂತ ಕಂಪ್ಯೂಟರ್ ಹುಡುಗ ನಾಲ್ಕು ಸಲ ಒತ್ತಿದ್ದ. ನಾನು ಹೋಗುವಾಗ ಹಳೇ ಬಿಲ್ಲೂ ತೆರೆಯುತ್ತಿರಲಿಲ್ಲ.

ಮೊದಲಿನ ಹಾಗೆ ಆಗಿರುವುದಿಲ್ಲ. ವಿಂಡೋಸ್ ಇನ್‌ಸ್ಟಾಲರ್ ತಾನು ಹಾಕಿದ ಫೈಲು, ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳು), ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇಷ್ಟನ್ನು ವಾಪಸ್ ತೆಗೆಯುತ್ತದೆ. ಬಿಲ್ಲು, ಗಿರಾಕಿಗಳ ಲೆಕ್ಕವೆಲ್ಲ ಇರುವ ಡೇಟಾಬೇಸ್ ಒಳಗೆ ಓಡಿದ ಸ್ಕ್ರಿಪ್ಟನ್ನು (ಆಜ್ಞೆಗಳ ಪಟ್ಟಿಯನ್ನು) ರದ್ದು ಮಾಡುವ ಕೆಲಸ ಸಾಫ್ಟ್‌ವೇರ್ ಮಾಡಿದವರೇ ಬೇರೆ ಬರೆದಿಡಬೇಕು. ಬರೆಯದೆ ಬಿಟ್ಟದ್ದನ್ನೇ ನಾನು ಜಾಸ್ತಿ ನೋಡಿದ್ದು.

1. ಎರರ್‌ನ ಫೋಟೋ ಹೊಡೆಯಿರಿ. ರಿಟ್ರೈ ಬೇಡ. ಕೆಲವು ಸಾಫ್ಟ್‌ವೇರ್ ಶುರುವಿನಲ್ಲೇ ಬ್ಯಾಕಪ್ ತೆಗೆಯುತ್ತವೆ, ಪ್ರತಿ ಸಲ ಅದೇ ಹೆಸರಿನಲ್ಲಿ. ಎರಡನೇ ಸಲ ಒತ್ತಿದರೆ ಒಳ್ಳೆಯ ಬ್ಯಾಕಪ್ ಮೇಲೆ ಕೆಟ್ಟದ್ದು ಕೂರುತ್ತದೆ.

2. ಆ ಡೇಟಾಬೇಸನ್ನು ನಡೆಸುವ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್. ಅದರ ಸರ್ವಿಸ್ ನಿಲ್ಲಿಸಿ, ಡೇಟಾ ಫೋಲ್ಡರನ್ನು ಪೂರ್ತಿ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಸಾಮಾನ್ಯವಾಗಿ ಅದು ಸಿ ಡ್ರೈವ್‌ನ 'ಪ್ರೋಗ್ರಾಮ್‌ಡೇಟಾ' ಒಳಗಿರುತ್ತದೆ. ಹಿಡನ್ ಫೋಲ್ಡರ್, ಸುಮ್ನೆ ಹುಡುಕಿದರೆ ಕಾಣುವುದಿಲ್ಲ. ಸರ್ವಿಸ್ ಓಡುತ್ತಿರುವಾಗ ಮಾಡಿದ ಕಾಪಿಯನ್ನು ನಂಬಬೇಡಿ. ಕಾಪಿ ಮುಗಿದ ಮೇಲೆ ಸರ್ವಿಸ್ ಮತ್ತೆ ಶುರು ಮಾಡಿ.

3. ಎಲ್ಲರೂ ಎಡವುವುದು ಇಲ್ಲಿ. ಮೈಎಸ್‌ಕ್ಯೂಎಲ್‌ನಲ್ಲಿ 'ಕ್ರಿಯೇಟ್ ಟೇಬಲ್', 'ಆಲ್ಟರ್ ಟೇಬಲ್' ಓಡಿದ ಕೂಡಲೇ ತಾನಾಗಿ ಕಮಿಟ್, ಅಂದರೆ ಖಾಯಂ, ಆಗುತ್ತದೆ. 'ರೋಲ್‌ಬ್ಯಾಕ್' ಅಂದರೂ ವಾಪಸ್ ಬರುವುದಿಲ್ಲ. 120 ಟೇಬಲ್‌ಗಳಲ್ಲಿ 70 ಆಗಿ ನಿಂತರೆ ಆ 70 ಅಲ್ಲೇ ಉಳಿಯುತ್ತವೆ. ಮುಂದಿನ ಸಲ 'ಟೇಬಲ್ ಆಲ್ರೆಡಿ ಎಕ್ಸಿಸ್ಟ್ಸ್', ಎರರ್ 1050. (ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಟೇಬಲ್ ಮಾಡಿದ್ದೂ ರೋಲ್‌ಬ್ಯಾಕ್ ಆಗುತ್ತದೆ. ನನ್ನನ್ನು ಕೇಳಿದರೆ ಅದೇ ಇರುವ ಸಾಫ್ಟ್‌ವೇರ್ ತಗೊಳ್ಳಿ.)

ಹೊಸ ಇನ್‌ಸ್ಟಾಲ್ ಆಗಿದ್ದರೆ ಸುಲಭ. ಆ ಡೇಟಾಬೇಸನ್ನು ಡ್ರಾಪ್ ಮಾಡಿ (ಅಳಿಸಿ), ಇನ್‌ಸ್ಟಾಲರ್ ಮಾಡಿದ ಯೂಸರನ್ನೂ ಡ್ರಾಪ್ ಮಾಡಿ. ಯೂಸರನ್ನು ಮರೆತರೆ ಎರರ್ 1396 (ಯೂಸರ್ ಮಾಡಲು ಆಗಲಿಲ್ಲ) ಬಂದು ಮತ್ತೆ ಅಲ್ಲೇ ನಿಲ್ಲಬಹುದು.

ಅಪ್‌ಗ್ರೇಡ್ ಆಗಿದ್ದರೆ ಡ್ರಾಪ್‌ಗೆ ಕೈ ಹಾಕುವ ಮೊದಲು ಹಳೇ ಡಂಪ್ ಫೈಲ್ (ಡೇಟಾಬೇಸನ್ನು ಅಕ್ಷರರೂಪದಲ್ಲಿ ಬರೆದಿಟ್ಟ ಬ್ಯಾಕಪ್) ತೆರೆದು ಕೊನೆಯ ಸಾಲು ನೋಡಿ. 'ಡಂಪ್ ಕಂಪ್ಲೀಟೆಡ್' ಅಂತ ತಾರೀಕಿನೊಂದಿಗೆ ಇರಬೇಕು. ಬಂದರಿನ ಅಂಗಡಿಯಲ್ಲಿ ಆ ದಿನದ ಡಂಪ್ ಒಂದು ಗಿರಾಕಿಯ ಹೆಸರಿನ ಅರ್ಧಕ್ಕೆ ತುಂಡಾಗಿತ್ತು. ಶನಿವಾರದ್ದು ಸರಿಯಿತ್ತು, ಮಧ್ಯದ ಎರಡು ದಿನದ ಬಿಲ್ಲುಗಳನ್ನು ಕಾರ್ಬನ್ ಕಾಪಿ ನೋಡಿ ಹುಡುಗನೇ ಟೈಪ್ ಮಾಡಿದ.

ಸರಿಯಾದ ಡಂಪನ್ನು ಬೇರೆ ಹೆಸರಿನ ಖಾಲಿ ಡೇಟಾಬೇಸ್‌ಗೆ ರಿಸ್ಟೋರ್ ಮಾಡಿ. ಡಂಪ್‌ನ ಮೇಲ್ಭಾಗದಲ್ಲಿ 'ಯೂಸ್' ಎಂಬ ಸಾಲಿದ್ದರೆ ತೆಗೆಯಿರಿ, ಇಲ್ಲವಾದರೆ ಅದು ಹೋಗಿ ಹಳೆಯದರ ಮೇಲೇ ಬೀಳುತ್ತದೆ. ಕೊನೆಯ ಬಿಲ್ ನಂಬರ್ ತಾಳೆ ಆಯಿತಾ? ಈಗ ಹಾಳಾದದ್ದನ್ನು ಡ್ರಾಪ್ ಮಾಡಿ, ಅದೇ ಹೆಸರಿನಲ್ಲಿ ಖಾಲಿ ಡೇಟಾಬೇಸ್ ಮಾಡಿ ಡಂಪ್ ಹಾಕಿ. ಡ್ರಾಪ್ ಮಾಡದೆ ಮೇಲೆಯೇ ಹಾಕುವ ಶಾರ್ಟ್‌ಕಟ್ ಬೇಡ. ಡಂಪ್ ತನ್ನಲ್ಲಿರುವ ಟೇಬಲ್‌ಗಳನ್ನು ಮಾತ್ರ ಬದಲಿಸುತ್ತದೆ, ಹೊಸ ವರ್ಷನ್ ಅರ್ಧ ಮಾಡಿಟ್ಟವು ಹಾಗೇ ಉಳಿಯುತ್ತವೆ.

4. ಕಾರಣ ಹುಡುಕಿ: ಡಿಸ್ಕ್ ತುಂಬಿದೆಯಾ, ಮೈಎಸ್‌ಕ್ಯೂಎಲ್ ಮಾತಾಡುವ 3306 ಪೋರ್ಟನ್ನು ಇನ್ನೊಂದು ಮೈಎಸ್‌ಕ್ಯೂಎಲ್ ಹಿಡಿದಿದೆಯಾ, ಕರೆಂಟ್ ಹೋಯಿತಾ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರನ್ನು ನಾನು ಮುಟ್ಟುವುದೇ ಇಲ್ಲ. ರಿಜಿಸ್ಟ್ರಿ ಕ್ಲೀನರ್‌ಗೆ ದುಡ್ಡು ಕೊಡಬೇಡಿ, ಡೇಟಾಬೇಸ್ ಒಳಗಿನ ಕಸ ಅದಕ್ಕೆ ಕಾಣುವುದೇ ಇಲ್ಲ.

5. ಅಡ್ಮಿನಿಸ್ಟ್ರೇಟರ್ ಆಗಿ ಮತ್ತೆ ಇನ್‌ಸ್ಟಾಲ್ ಮಾಡಿ. ಒಂದು ಹಳೇ ಬಿಲ್, ಒಂದು ಹೊಸ ಬಿಲ್ ಪ್ರಿಂಟ್ ತೆಗೆಯಿರಿ. ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ನಿಲ್ಲಿಸಿ, ಡೇಟಾಬೇಸ್‌ನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಉಳಿಸಿಡುವ ರೀತಿ) ಯುಟಿಎಫ್8ಎಂಬಿ4 ಇದೆಯಾ ನೋಡಿ. ಎರಡನೇ ಹೆಜ್ಜೆಯ ಕಾಪಿ ಒಂದು ತಿಂಗಳು ಅಲ್ಲೇ ಇರಲಿ.